ಮರದೊಳಗೆ ಈಜಿಪ್ಟ್ ಹುಡುಕಿದ ಪರಮೇಶಪ್ಪನವರು

ಚಿಕ್ಕೇರೂರಿನ ಪರಮೇಶಪ್ಪನವರು ಹಿರೇಕೆರೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಈಜಿಪ್ಟನ್ನು ಕಟ್ಟಿದವರು ವರದಾ ನದಿಯ ದಡದಿಂದ ವಲಸೆ ಹೋದ ನಮ್ಮ ರೈತರೇ ಎಂಬುದು ಅವರ ಸಿದ್ಧಾಂತ. ಹಾನಗಲ್ಲಿನ ಸಭೆಯೊಂದರಲ್ಲಿ ಮೇವಿನ ಬಣವೆಯ ಚಿತ್ರವನ್ನೂ ಪಿರಮಿಡ್ಡಿನ ಚಿತ್ರವನ್ನೂ ಅಕ್ಕಪಕ್ಕ ತೋರಿಸಿದಾಗ ಜನ ಚಪ್ಪಾಳೆ ತಟ್ಟಿದರು. ಅವರ ಜೊತೆ ಹೋಗಿದ್ದ ನಾನು ನಕ್ಕೆ. ಆ ನಗು ಬಹಳ ದಿನ ಉಳಿಯಲಿಲ್ಲ.

ಅವರಿಗೆ ಸಾಕ್ಷಿ ಬೇಕಾಗಿತ್ತು. ಸವಣೂರಿನ ಹೊರಗೆ ಗುಲ್ನಾರ ಎಂಬ ಕುರಿಗಾರ್ತಿಯ ಹೊಲದಲ್ಲಿ ಆಫ್ರಿಕಾ ಮೂಲದ ದೊಡ್ಡಹುಣಸೆ, ಅಂದರೆ ಬಾವೊಬಾಬ್ ಮರವೊಂದಿತ್ತು; ಅದರ ನೆರಳಲ್ಲೇ ಅವಳ ಕುರಿದೊಡ್ಡಿ. ಎಂದೋ ಯಾರೋ ಪ್ರವಾಸಿ ಬೀಜ ತಂದಿರಬಹುದೆಂಬ ಸರಳ ಊಹೆ ಪರಮೇಶಪ್ಪನವರಿಗೆ ಅವಮಾನವೆನಿಸುತ್ತಿತ್ತು. ನೈಲ್ ನದಿಯಿಂದ ಊರಿಗೆ ಮರಳಿದ ನಮ್ಮವರು ಐದು ಸಾವಿರ ವರ್ಷಗಳ ಹಿಂದೆ ನೆಟ್ಟ ಮರವಿದು, ನಡುವಿನವರೆಗೆ ಕೊರೆದು ಉಂಗುರ ಎಣಿಸಿದರೆ ಸಾಬೀತಾಗುತ್ತದೆ ಎಂದರು. ಈ ಜಾತಿಯ ಮರದ ಉಂಗುರಗಳನ್ನು ನಂಬುವಂತಿಲ್ಲ, ಎಷ್ಟೋ ಮರಗಳ ನಡುವೇ ಪೊಳ್ಳು ಎಂದು ನಾನು ಹೇಳಿದೆ.

"ನೀವು ಪುಸ್ತಕ ಓದ್ರಿ. ನಾ ಮರಾನ ಓದ್ತೇನಿ" ಎಂದರು.

ಗುಲ್ನಾರಳಿಗೆ ಹೇಳಿದ್ದು ಇಷ್ಟೇ: "ಸೂಜಿ ಚುಚ್ಚಿದಂಗ, ತಂಗಿ. ಮರಕ್ಕ ಗೊತ್ತೂ ಆಗೂದಿಲ್ಲ." ಕಲಿತವರ ಮಾತೆಂದು ಅವಳು ಒಪ್ಪಿದಳು.

ಬೈರಿಗೆಯಿಂದ ಶುರುವಾದದ್ದು ಹಾರೆಗೆ ಬಂತು. ಮಳೆಗಾಲ ಮುಗಿಯುವಷ್ಟರಲ್ಲಿ ಕಾಂಡದಲ್ಲಿ ಆಳು ನುಗ್ಗುವಷ್ಟು ಗಾಯ. ಕೊಳೆತ ತಿರುಳಿನಿಂದ ಕಂದು ರಸ ಸೋರುತ್ತಿತ್ತು, ನೊಣಗಳು ಮುತ್ತಿದ್ದವು, ಸತ್ತ ಹೆಗ್ಗಣದ ವಾಸನೆ. ಪರಮೇಶಪ್ಪನವರು ಅದರಲ್ಲಿ ಬೆರಳದ್ದಿ ನನ್ನ ಮೂಗಿಗೆ ಹಿಡಿದರು. "ರಾಜರ ಹೆಣಾ ಕೆಡದಂಗ ಹಚ್ಚತಿದ್ದ ಎಣ್ಣಿ ಇದ. ಮೂಸಿ ನೋಡ್ರಿ."

"ಹೆಣದ ಎಣ್ಣಿ ನಿಮ್ಮ ಮನ್ಯಾಗ ಇಟ್ಕೋರಿ, ಸರ್" ಎಂದಳು ಗುಲ್ನಾರ. "ಮರ ದೊಡ್ಡಿ ಕಡೆ ವಾಲಾಕತ್ತೈತಿ. ಆ ಗಂಡಿ ಮೊದಲ ಮುಚ್ರಿ."

"ಇನ್ನೊಂದು ಮೊಳ ಅಷ್ಟ, ತಂಗಿ."

ಆ ಮೊಳ ಮುಗಿಯುವ ಮೊದಲೇ ಒಂದು ಮುಂಜಾನೆ ಮರ ಉರುಳಿತು. ನಾವು ಹೋದಾಗ ಗುಲ್ನಾರ, ಅವಳ ಮೈದುನ ಅಫ್ಜಲ ಇಬ್ಬರೂ ಕೊಂಬೆಗಳಡಿಯಿಂದ ಸತ್ತ ಕುರಿಗಳನ್ನು ಎಳೆಯುತ್ತಿದ್ದರು. ಪರಮೇಶಪ್ಪನವರು ಧೋತರ ಎತ್ತಿ, ಒಂದು ಕುರಿಯನ್ನು ದಾಟಿ, ಸೀಳಿದ ಕಾಂಡದೊಳಗೆ ಇಣುಕಿದರು. ಉಂಗುರಗಳಿರಲಿಲ್ಲ. ನಡುವೆಲ್ಲ ಪೊಳ್ಳು.

"ಪೊಳ್ಳಲ್ರೀ ಇದು" ಎಂದರು, ಕಣ್ಣರಳಿಸಿ. "ಪಿರಮಿಡ್ಡಿನೊಳಗ ಇರೂವಂಥಾ ಖೋಲಿ. ಬೇಕಂತ ಕೊರದಾರ." ಮೊಬೈಲು ತೆಗೆದು ಅಫ್ಜಲನ ಕಡೆ ತಿರುಗಿದರು. "ಆ ಕುರಿ ಸ್ವಲ್ಪ ಸರಸಪಾ, ಫೋಟೋದಾಗ ಬರಾಕತ್ತಾವು."

ಗುಲ್ನಾರ ತಲೆ ಎತ್ತಲಿಲ್ಲ. "ಬರ್ಲಿ ಬಿಡ್ರಿ."

ಪರಮೇಶಪ್ಪನವರು ಸುತ್ತು ಹಾಕಿ ಆಚೆ ಬದಿಗೆ ಹೋದರು. ಕುರಿಗಳು ಕಾಣದ ಕಡೆಯಿಂದ ಚಿತ್ರ ತೆಗೆದುಕೊಂಡರು.