ಕಾಲುಕೇಜಿಯ ತೂಕ

ನಮ್ಮ ದೊಡ್ಡಪ್ಪನದು ತಕ್ಕಡಿ ರಿಪೇರಿಯ ಕಸುಬು. ಹಣ್ಣಿನಂಗಡಿಯ ತಕ್ಕಡಿ, ರದ್ದಿ ಪೇಪರಿನವರ ತಕ್ಕಡಿ, ಆಸ್ಪತ್ರೆಯಲ್ಲಿ ಕೂಸುಗಳನ್ನು ತೂಗುವ ತಕ್ಕಡಿ, ಎಲ್ಲವೂ ಒಂದಲ್ಲ ಒಂದು ದಿನ ಅವರ ಮೇಜಿನ ಮೇಲೆ ಅಂಗಾತ ಮಲಗಲೇಬೇಕು. ರಿಪೇರಿ ಮುಗಿದ ಮೇಲೆ ಎರಡು ಬೆರಳಗಲದ ಬಿಳಿ ಚೀಟಿಯೊಂದನ್ನು ತಕ್ಕಡಿಯ ಬೆನ್ನಿಗೆ ಅಂಟಿಸಿ, ತಾರೀಖು ಬರೆದು ಸಹಿ ಹಾಕುತ್ತಾರೆ. ಆ ಚೀಟಿ ಇರುವ ಕಡೆ ಗಿರಾಕಿಗಳು ತೂಕದ ಬಗ್ಗೆ ತಕರಾರು ತೆಗೆಯುವುದಿಲ್ಲ. ಅವರು ಸಂಪಾದಿಸಿದ ಆಸ್ತಿ ಅಷ್ಟೇ, ಆದರೆ ಅದರ ಜಂಬ ಮಾತ್ರ ಮನೆ ಹಿಡಿಸದಷ್ಟು.

ಮಾತನ್ನೂ ಅವರು ಅಳೆದು ತೂಗಿಯೇ ಆಡುವುದು. "ಊಟ ಆಯ್ತಾ ದೊಡ್ಡಪ್ಪ?" ಎಂದರೆ "ಮುಕ್ಕಾಲು ಭಾಗ ಆಯ್ತು" ಎನ್ನುತ್ತಾರೆ. ತಮಾಷೆ ಅಂದುಕೊಂಡು ನೀವು ನಕ್ಕರೆ ಬೇಜಾರು ಮಾಡಿಕೊಳ್ಳುತ್ತಾರೆ.

ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅವರು ಮತ್ತು ದೊಡ್ಡಮ್ಮ, ಮೇಲಿನ ಮಹಡಿಯಲ್ಲಿ ನಾವು. ಕೆಳಗಿನ ಮನೆಯ ಮೂರನೆಯ ಸದಸ್ಯ ಒಂದು ಬೂದು ಬಣ್ಣದ ಬೆಕ್ಕು. ಎಂಟು ವರ್ಷದ ಹಿಂದೆ ರದ್ದಿ ಅಂಗಡಿಯವನ ತಕ್ಕಡಿಯ ತಟ್ಟೆಯಲ್ಲಿ ಮಲಗಿಕೊಂಡೇ ಅದು ರಿಪೇರಿಗೆ ಬಂದಿತ್ತು. ದೊಡ್ಡಪ್ಪ ಮುಳ್ಳು ನೋಡಿ "ಕಾಲು ಕೇಜಿ" ಎಂದರು, ಅದೇ ಹೆಸರಾಯಿತು. ಕೆಟ್ಟ ತಕ್ಕಡಿಯಲ್ಲಿ ತೂಗಿದ ಹೆಸರು, ಆದ್ದರಿಂದ ಆವತ್ತಿಗೂ ಅದು ನಿಜವಾಗಿತ್ತೋ ಇಲ್ಲವೋ ಹೇಳಲಾಗದು. ಈಗಂತೂ ಅದು ಕಿಟಕಿಯಲ್ಲಿ ಕೂತರೆ ಕೋಣೆಗೆ ಬೆಳಕೇ ಬರುವುದಿಲ್ಲ.

ಈ ಕಾಲುಕೇಜಿ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಸುಧಾರಿಸಿಕೊಳ್ಳತೊಡಗಿತು. ದೊಡ್ಡಮ್ಮನಿಗೆ ದಿಗಿಲಾಯಿತು. ಮಾರ್ಕೆಟ್ ಬೀದಿಯ ಡಾಕ್ಟರಮ್ಮನ ಬಳಿಗೆ ದೊಡ್ಡಪ್ಪ ಹೊರಟರು. ಬೆಕ್ಕಿನ ಬುಟ್ಟಿ ಹೊರುವ ಭಾಗ್ಯ ನನ್ನದು.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಬಲು ಚುರುಕು. ಬೆಕ್ಕನ್ನು ತಕ್ಕಡಿಯ ಮೇಲೆ ಕೂರಿಸಿದರು, ಮುಳ್ಳು ಐದೂವರೆಗೆ ಹೋಗಿ ನಿಂತಿತು.

"ಐದೂವರೆ ಕೇಜಿ! ಇದೇನು ಬೆಕ್ಕಾ, ದಿಂಬಾ? ಹಾಲು ಬಂದ್, ಮೀನು ಬಂದ್. ಪ್ಯಾಕೆಟ್‌ನಲ್ಲಿ ಬರೋ ಒಣ ಕಾಳು, ಬೆಳಿಗ್ಗೆ ಇಪ್ಪತ್ತೈದು ಗ್ರಾಂ, ಸಂಜೆ ಇಪ್ಪತ್ತೈದು. ಒಂದು ಕಾಳೂ ಜಾಸ್ತಿ ಬೇಡ."

"ತೂಕ ಅಷ್ಟಿದೆಯಾ ಡಾಕ್ಟ್ರೇ?" ಎಂದು ನಾನು ಬಾಯಿ ಹಾಕಿದೆ.

"ನಿಮ್ಮ ದೊಡ್ಡಪ್ಪನೇ ರಿಪೇರಿ ಮಾಡಿದ್ದು, ಹದಿನೈದು ದಿನ ಕೂಡ ಆಗಿಲ್ಲ. ನೋಡಿ, ಚೀಟಿ ಇದೆ. ತಪ್ಪೋಕೆ ಸಾಧ್ಯಾನಾ?"

ದೊಡ್ಡಪ್ಪನ ಎದೆ ಎರಡಂಗುಲ ಉಬ್ಬಿತು. ದಾರಿಯುದ್ದಕ್ಕೂ ಆ ಡಾಕ್ಟರಮ್ಮನ ಬುದ್ಧಿವಂತಿಕೆಯನ್ನು ಹೊಗಳಿದ್ದೇ ಹೊಗಳಿದ್ದು.

ಚಿನ್ನದಂಗಡಿಯವರ ಪುಟ್ಟ ತಕ್ಕಡಿಯೊಂದು ಮೇಜಿನ ಮೇಲಿತ್ತು. ಅದನ್ನು ಆವತ್ತೇ ಸರಿಮಾಡಿ ಅದರಲ್ಲಿ ಕಾಳು ತೂಗಿದರು. ಮುಳ್ಳು ಕೂದಲೆಳೆಯಷ್ಟು ಸರಿದರೆ ಒಂದು ಕಾಳು ವಾಪಸ್ ಡಬ್ಬಕ್ಕೆ. ಕಾಲುಕೇಜಿ ತನ್ನ ಪಾಲನ್ನು ಎರಡು ನಿಮಿಷದಲ್ಲಿ ಮುಗಿಸಿ, ದೊಡ್ಡಮ್ಮನ ಕಾಲಿಗೆ ತಲೆ ಉಜ್ಜಿ ಗೋಳೋ ಎಂದು ಕೂಗುತ್ತಿತ್ತು. ದೊಡ್ಡಮ್ಮ ನಾಲ್ಕು ದಿನ ಸಹಿಸಿದರು. ಐದನೆಯ ದಿನ ಗಂಡನಿಗೆ ಹೇಳದೆ ಸರ್ಕಾರಿ ಪಶು ಆಸ್ಪತ್ರೆಯ ಹಿರಿಯ ಡಾಕ್ಟರ ಬಳಿಗೆ ಹೊರಟರು. ಬುಟ್ಟಿ ಮತ್ತೆ ನನ್ನ ಕೈಗೆ ಬಂತು.

ಹಿರಿಯ ಡಾಕ್ಟರು ನಿಧಾನಸ್ಥರು. ತೂಗಿದರು, ಕನ್ನಡಕ ಏರಿಸಿ ನೋಡಿದರು.

"ನಾಲ್ಕು ಕೇಜಿ ನಾನೂರು ಗ್ರಾಂ. ಇಷ್ಟು ದಪ್ಪ ಮೂಳೆ ಇರೋ ಗಂಡು ಬೆಕ್ಕಿಗೆ ಇದು ಕಮ್ಮಿ ಕಣಮ್ಮ. ಆ ಒಣ ಕಾಳು ಕಸಕ್ಕೆ ಹಾಕಿ. ಬೇಯಿಸಿದ ಮೀನು, ಮೊಟ್ಟೆ, ಕೋಳಿ, ಅದು ಕೇಳಿದಷ್ಟು ಹಾಕಿ."

"ತಕ್ಕಡಿ ಸರಿ ಇದೆಯಾ?" ಎಂದೆ, ಅಭ್ಯಾಸಬಲದಿಂದ.

"ನಿಮ್ಮ ಮನೆಯವರದೇ ಚೀಟಿ ಇದೆಯಲ್ಲಮ್ಮ!" ಎಂದು ಅವರು ದೊಡ್ಡಮ್ಮನ ಕಡೆ ತಿರುಗಿದರು.

ದೊಡ್ಡಮ್ಮ ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಅವರ ತಲೆಯಲ್ಲಿ ಲೆಕ್ಕ ನಡೆದಿತ್ತು. ಮನೆಗೆ ಬಂದವರೇ ಬುಟ್ಟಿಯನ್ನು ದೊಡ್ಡಪ್ಪನ ಮೇಜಿನ ಮೇಲಿಟ್ಟು ಅಳತೊಡಗಿದರು.

"ಸರ್ಕಾರಿ ಆಸ್ಪತ್ರೆ ಡಾಕ್ಟರ ಹತ್ರ ತೂಗಿಸ್ಕೊಂಡು ಬಂದೆ. ನಾಲ್ಕು ದಿನಕ್ಕೆ ಒಂದು ಕೇಜಿ ನೂರು ಗ್ರಾಂ ಇಳಿದುಬಿಟ್ಟಿದೆ! ನಿಮ್ಮ ಡಾಕ್ಟರಮ್ಮನ ಕಾಳು ತಿಂದು ತಿಂದು ಕರಗಿಹೋಗ್ತಿದೆ. ಇನ್ನು ಹದಿನಾರು ದಿನಕ್ಕೆ ಏನೂ ಉಳಿಯಲ್ಲ!"

"ಥೂ, ಆ ಮುದುಕನ ತಕ್ಕಡಿ..." ಎಂದು ಶುರುಮಾಡಿದ ದೊಡ್ಡಪ್ಪ ನಾಲಿಗೆ ಕಚ್ಚಿಕೊಂಡರು. ಮುದುಕರ ತಕ್ಕಡಿ ಸುಳ್ಳು ಎಂದರೆ ತಮ್ಮ ಚೀಟಿ ಸುಳ್ಳು. ಡಾಕ್ಟರಮ್ಮನದು ಸುಳ್ಳು ಎಂದರೂ ತಮ್ಮದೇ ಚೀಟಿ ಸುಳ್ಳು. ಎರಡೂ ನಿಜವೆಂದರೆ ಬೆಕ್ಕು ಸಾಯುತ್ತಿದೆ. ಇಂಥ ಇಕ್ಕಟ್ಟಿನಲ್ಲಿ ಅವರನ್ನು ನಾನು ಕಂಡೇ ಇರಲಿಲ್ಲ. ಸುಳ್ಳೇಕೆ, ನನಗೆ ಒಳಗೊಳಗೇ ನಗು.

ಅಲ್ಲಿಂದ ಒಂದು ವಾರ ಮನೆಯಲ್ಲಿ ಎರಡು ಪಥ್ಯ. ಅಂಗಡಿಯಲ್ಲಿ ದೊಡ್ಡಪ್ಪ ಕಾಳು ತೂಗಿ ಹಾಕುವುದು, ಅಡುಗೆಮನೆಯಲ್ಲಿ ದೊಡ್ಡಮ್ಮ ಮೀನು ಬಿಡಿಸಿ ಹಾಕುವುದು. ಇಬ್ಬರೂ ನನ್ನನ್ನು ಬೇರೆ ಬೇರೆಯಾಗಿ ಕರೆದು "ಆ ಕಡೆ ಹೇಳ್ಬೇಡ" ಎಂದು ಆಣೆ ಹಾಕಿಸಿಕೊಂಡರು. ಎರಡೂ ಕಡೆ ಉಂಡ ಏಕೈಕ ಪ್ರಾಣಿ ಮಾತ್ರ ತುಟಿಪಿಟಕ್ಕೆನ್ನದೆ ಮೀಸೆ ಒರೆಸಿಕೊಂಡು ಓಡಾಡಿತು.

ಆದರೆ ದೊಡ್ಡಮ್ಮನ ದುಃಖ ನಾಟಕವಲ್ಲ. ಬೆಕ್ಕಿನ ಬೆನ್ನೆಲುಬನ್ನು ಗಳಿಗೆಗೊಮ್ಮೆ ಸವರಿ ನೋಡುತ್ತಿದ್ದರು. ಒಂದು ಬೆಳಿಗ್ಗೆ ಅಂಗಡಿಗೆ ಬಂದು ಗಂಡನ ಎದುರು ನಿಂತರು.

"ಮೂವತ್ತು ವರ್ಷದಿಂದ ನೀವು ಹೇಳಿದ ತೂಕ ಬಿಟ್ಟು ಇನ್ನೊಬ್ಬರ ಮಾತು ನಂಬಿಲ್ಲ. ಈಗ ಹೇಳಿ, ಅದು ಕರಗ್ತಾ ಇದೆಯೋ ಇಲ್ವೋ?"

ದೊಡ್ಡಪ್ಪ ಎದ್ದರು. ಇಷ್ಟು ದಿನ ಯಾಕೆ ಮನೆಯಲ್ಲೇ ತೂಗಲಿಲ್ಲ ಎಂದು ನೀವು ಕೇಳಬಹುದು. ಕಾಳು ತೂಗುವ ಆ ಪುಟ್ಟದೊಂದನ್ನು ಬಿಟ್ಟರೆ ರಿಪೇರಿಯವರ ಅಂಗಡಿಯಲ್ಲಿ ಇರುವುದೆಲ್ಲ ಕೆಟ್ಟ ತಕ್ಕಡಿಗಳೇ. ಸರಿಯಾದವು ಆಗಲೇ ಅವರವರ ಮನೆ ಸೇರಿರುತ್ತವೆ. ಜೊತೆಗೆ, ಏನು ಕಾಣಬೇಕಾದೀತೋ ಎಂಬ ಹೆದರಿಕೆಯೂ ಅವರಿಗಿತ್ತು ಎಂದು ನನ್ನ ಗುಮಾನಿ. ಬಾಗಿಲ ಚೌಕಟ್ಟಿಗೆ ಹಗ್ಗ ಕಟ್ಟಿ ಒಂದು ಕಬ್ಬಿಣದ ಸಲಾಕೆ ತೂಗುಹಾಕಿದರು. ಅದರ ಎರಡು ತುದಿಗೆ ಬಟ್ಟೆ ಒಗೆಯುವ ಎರಡು ಬಕೆಟ್. ಸಲಾಕೆ ಸಮನಾಗಿ ನಿಲ್ಲುವವರೆಗೆ ಹಗ್ಗ ಸರಿಸಿ ಸರಿಸಿ ನೋಡಿದರು. ಆಮೇಲೆ ಒಂದರಲ್ಲಿ ಬೆಕ್ಕು, ಇನ್ನೊಂದರಲ್ಲಿ ತಮ್ಮ ಹಿತ್ತಾಳೆಯ ತೂಕದ ಬಟ್ಟುಗಳು. ಮೂರು ಸಲ ತೂಗಿದರು. ಮೂರು ಸಲವೂ ನಾಲ್ಕು ಕೇಜಿ ಒಂಬೈನೂರು ಗ್ರಾಂ.

ಒಂದು ತಕ್ಕಡಿ ಹೆಚ್ಚು ತೋರಿಸಿತ್ತು, ಇನ್ನೊಂದು ಕಮ್ಮಿ. ಎರಡೂ ಸುಳ್ಳು. ದೊಡ್ಡಪ್ಪ ಸ್ಟೂಲಿನ ಮೇಲೆ ಕುಸಿದು ಕೂತರು. ಅವರ ಮುಖ ನೋಡಿ ನನ್ನ ನಗು ಎಲ್ಲಿ ಹೋಯಿತೋ.

"ಎರಡೂ ಒಂದೇ ಮಧ್ಯಾಹ್ನ ಬಿಚ್ಚಿದ್ದೆ," ಎಂದರು ಕೊನೆಗೆ. "ಒಂದರ ಸ್ಪ್ರಿಂಗು ಸಡಿಲ, ಇನ್ನೊಂದರದು ಬಿಗಿ. ಅದರದ್ದು ಇದಕ್ಕೆ, ಇದರದ್ದು ಅದಕ್ಕೆ ಹಾಕ್ಬಿಟ್ಟಿದೀನಿ. ಮುಳ್ಳು ಸೊನ್ನೆಗೆ ನಿಂತಿತ್ತು. ಬಟ್ಟು ಇಟ್ಟು ನೋಡ್ಬೇಕಿತ್ತು. ತೂಕ ನೋಡೋ ಹೊತ್ತಲ್ಲಿ ತೂಕಡಿಸ್ತಾ ಇದ್ದೆ. ಹಾಗೇ ಸಹಿ ಹಾಕ್ಬಿಟ್ಟೆ."

"ಅದಕ್ಕೇನು ದೊಡ್ಡಪ್ಪ," ಎಂದೆ. "ಎಣ್ಣೆ ಬಿಡ್ತೀನಿ ಅಂತ ಹೋಗಿ ಸದ್ದಿಲ್ಲದೆ ಸರಿಮಾಡ್ಬನ್ನಿ. ಯಾರಿಗೆ ಗೊತ್ತಾಗತ್ತೆ?"

ಅವರು ನನ್ನ ಕಡೆ ನೋಡಿದ ನೋಟಕ್ಕೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

"ಪ್ರಾಣಿಗಳಿಗೆ ಔಷಧಿ ಕೊಡೋದು ತೂಕ ನೋಡಿ. ಮೂರು ವಾರದಿಂದ ಎಷ್ಟು ಜೀವ ಆ ಚೀಟಿ ನಂಬಿದಾವೋ. ಬುಟ್ಟಿ ತಗೋ, ನಡಿ."

ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ಕೂರಲು ಜಾಗವಿರಲಿಲ್ಲ. ಒಳಗೆ ಹೋಗಿ ಹೇಳಿ ಎಂದು ನಾನು ತೋಳು ಎಳೆದೆ, ದೊಡ್ಡಪ್ಪ ಬಾಗಿಲಲ್ಲೇ ನಿಂತು ಎಲ್ಲರ ಎದುರು ಹೇಳಿದರು. ಡಾಕ್ಟರಮ್ಮ ನೋಟ್‌ಬುಕ್ ತೆರೆದು, ತಕ್ಕಡಿ ವಾಪಸ್ ಬಂದ ಮೇಲೆ ಔಷಧಿ ಕೊಟ್ಟಿದ್ದ ಪ್ರತಿ ಮನೆಗೂ ಫೋನು ಮಾಡತೊಡಗಿದರು. ದೊಡ್ಡಪ್ಪ ಪ್ರತಿ ಫೋನಿಗೂ ಉಸಿರು ಹಿಡಿದು ನಿಂತಿದ್ದರು. ಯಾರಿಗೂ ಏನೂ ಆಗಿರಲಿಲ್ಲ. ಒಂದು ನಾಯಿ ಸದಾ ಮಲಗಿರುತ್ತದೆ ಎಂದು ಗೊತ್ತಾಯಿತು. ಅದು ಹುಟ್ಟಿದಾಗಿನಿಂದ ಹಾಗೆಯೇ ಅಂತೆ.

"ಇಲ್ಲೇ, ನನ್ನ ಕಣ್ಣೆದುರಿಗೇ ಸರಿಮಾಡಿ," ಎಂದರು ಡಾಕ್ಟರಮ್ಮ. ಮುಖದಲ್ಲಿ ನಗುವಿರಲಿಲ್ಲ.

ದೊಡ್ಡಪ್ಪ ಉಗುರಿನಿಂದ ಚೀಟಿ ಕೆರೆದು ತೆಗೆದರು, ಅದಲುಬದಲಾಗಿದ್ದ ಸ್ಪ್ರಿಂಗಿಗೆ ತಕ್ಕಂತೆ ತಿರುಪು ಹೊಂದಿಸಿದರು, ಬಟ್ಟು ಇಟ್ಟು ಇಟ್ಟು ತೋರಿಸಿದರು. ಹೊಸ ಚೀಟಿ ಅಂಟಿಸಲಿಲ್ಲ. ಡಾಕ್ಟರಮ್ಮನೂ ಕೇಳಲಿಲ್ಲ, ಅದು ದೊಡ್ಡಪ್ಪನಿಗೆ ಚುಚ್ಚಿತು. ಹಿರಿಯ ಡಾಕ್ಟರ ಬಳಿ ಇನ್ನೂ ಕಷ್ಟವಾಯಿತು. "ಅಯ್ಯೋ, ಬಿಡಿ! ನಾನು ಔಷಧಿ ಕೊಡೋದು ಕೈಯಲ್ಲಿ ಎತ್ತಿ ನೋಡಿ. ತಕ್ಕಡಿ ಸುಮ್ನೆ ಬರಕೊಳ್ಳೋಕೆ," ಎಂದು ಅವರು ಬೆನ್ನು ತಟ್ಟಿದರು. ಬೈದಿದ್ದರೂ ದೊಡ್ಡಪ್ಪನಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತಕ್ಕಡಿ ಸರಿಯಾದ ಮೇಲೆ ಎರಡೂ ಕಡೆ ಕಾಲುಕೇಜಿಯನ್ನು ಹೊಸದಾಗಿ ತೂಗಿದ್ದಾಯಿತು. ಎರಡೂ ಕಡೆ ನಾಲ್ಕು ಒಂಬೈನೂರು.

"ಆದ್ರೂ ಅರ್ಧ ಕೇಜಿ ಇಳೀಲಿ. ಕಾಳೇ ಹಾಕಿ," ಎಂದಿದ್ದರು ಡಾಕ್ಟರಮ್ಮ.

"ಆದ್ರೂ ಅರ್ಧ ಕೇಜಿ ಏರ್ಲಿ. ಮೀನೇ ಹಾಕಿ," ಎಂದರು ಹಿರಿಯರು.

ಮನೆಗೆ ಬಂದು ದೊಡ್ಡಪ್ಪ ಎಲ್ಲವನ್ನೂ ದೊಡ್ಡಮ್ಮನಿಗೆ ಒಪ್ಪಿಸಿದರು, ಒಂದು ಗ್ರಾಂ ಮುಚ್ಚಿಡದೆ. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

"ಇನ್ಮೇಲೆ ನನ್ನ ಕೇಳ್ಬೇಡ. ಆ ಇಬ್ಬರಲ್ಲಿ ನಿನಗೆ ಸರಿ ಕಂಡವರ ಮಾತು ಕೇಳು."

ದೊಡ್ಡಮ್ಮ ಬೆಕ್ಕನ್ನು ಬುಟ್ಟಿಯಿಂದ ಎತ್ತಿಕೊಂಡರು.

"ಅವರಿಬ್ಬರಲ್ಲಿ ಒಬ್ಬರಂತೂ ತಪ್ಪು ಹೇಳ್ತಿರಲೇಬೇಕಲ್ಲ. ಅವರು ಒಪ್ಕೊಂಡ್ರಾ? ತಪ್ಪಾಯ್ತು ಅಂತ ಎರಡೂ ಕಡೆ ಹೋಗಿ ಹೇಳಿ ಬಂದಿದ್ದು ನೀವೊಬ್ಬರೇ. ನೀವೇ ಹೇಳಿ. ಏನು ಹಾಕ್ಲಿ, ಎಷ್ಟು ಹಾಕ್ಲಿ?"

ದೊಡ್ಡಪ್ಪ ಚಪ್ಪಲಿ ಬಿಟ್ಟು ಗೋಡೆಯ ಪಕ್ಕಕ್ಕೆ ಇಟ್ಟರು.

"ಒಂದು ಹಿಡಿ ಮೀನು ಹಾಕು," ಎಂದರು. "ನಿನ್ನ ಹಿಡೀಲಿ."