ಟ್ಯಾಂಕಿನ ಸಿನಿಮಾ ಮತ್ತು ಜಗಲಿ ಮೇಲಿನ ಕಾಫಿ

ನನ್ನ ಮೈದುನ ಹೆಣ್ಣು ನೋಡಲು ಹೋಗಿ, ಹೆಣ್ಣಿನ ಮುಖ ನೋಡದೆ ಎದ್ದು ಹೊರಗೆ ಬಂದ. ಎಪ್ಪತ್ತರ ದಶಕದಲ್ಲಿ, ಯುದ್ಧ ಮುಗಿದ ಮೇಲಿನ ಒಂದು ಚಳಿಗಾಲದ ಮಾತು ಇದು. ನಮ್ಮತ್ತೆಯ ಲೆಕ್ಕದಲ್ಲಿ ಆ ಯುದ್ಧಕ್ಕಿಂತ ಇದೇ ದೊಡ್ಡದು.

ಮೈದುನ ಮಿಲಿಟ್ರಿಯಲ್ಲಿ ಟ್ಯಾಂಕು ಓಡಿಸುತ್ತಿದ್ದ. ಟ್ಯಾಂಕು ಎಂದರೇನೆಂದು ಮಳವಳ್ಳಿಯಲ್ಲಿದ್ದ ಅತ್ತೆಗೆ ಒಮ್ಮೆ ವಿವರಿಸಿಯೂ ಇದ್ದ. ಕಬ್ಬಿಣದ ಗಾಡಿ, ಕಿಟಕಿ ಇಲ್ಲ, ಮೇಲೆ ಮುಚ್ಚಳ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಒಳಗೆ ಕುಂತ್ಕಂಡು ಉಣ್ಣಕ್ಕೆ ಜಾಗ ಐತೇನ್ಲಾ?" ಐತೆ ಎಂದ. ಅಲ್ಲಿಗೆ ಆ ವಿಷಯ ಮುಗಿಯಿತು.

ಯುದ್ಧ ಮುಗಿದ ಮೇಲೆ ದೊಡ್ಡ ರಜೆಯಲ್ಲಿ ಬಂದ. ರಜೆ ಮುಗಿಯುವುದರೊಳಗೆ ಮದುವೆ ಮಾಡಿಬಿಡಬೇಕೆಂದು ಅತ್ತೆ ಹಟ ಹಿಡಿದರು. ಚಿಕ್ಕರಸಿನಕೆರೆಯ ಒಂದು ಒಳ್ಳೆಯ ಮನೆತನದಿಂದ ಮಾತು ಬಂತು. ಹುಡುಗಿ ಮಂಡ್ಯದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದಳು. ನಾವೂ ಮಂಡ್ಯದಲ್ಲೇ ಇದ್ದೆವು, ಯಜಮಾನರ ಕೆಲಸ ಅಲ್ಲಿತ್ತು. ಹೆಣ್ಣು ನೋಡುವ ದಿನ ನನ್ನನ್ನೂ ಕರೆದುಕೊಂಡು ಹೋದರು. ನಾನು ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ಹುಡುಗಿಯ ಇಂಗ್ಲಿಷು ಪರೀಕ್ಷೆ ಮಾಡಬೇಕೆಂದು ಅತ್ತೆಯ ಅಪ್ಪಣೆ. ಅಂಥ ಕಡೆ ನಾನು ಯಾರ ಇಂಗ್ಲಿಷನ್ನೂ ಪರೀಕ್ಷಿಸುತ್ತಿರಲಿಲ್ಲ. ಸಾಮಾನ್ಯವಾಗಿ ಪರದೆಯ ಹೊಲಿಗೆ ನೋಡುತ್ತಾ ಕೂರುತ್ತಿದ್ದೆ.

ಹುಡುಗಿಯ ತಂದೆ ಆ ವರ್ಷವೇ ಹಳೇ ಹೆಂಚಿನ ಮನೆಯ ಮುಂದೆ ಕಾಂಕ್ರೀಟ್ ತಾರಸಿಯ ಒಂದು ಮೋಲ್ಡ್ ಹಾಲು ಕಟ್ಟಿಸಿದ್ದರು. ಅದರ ಹೆಮ್ಮೆ ಅವರಿಗೆ ಬಹಳ. ಇದ್ದ ಒಂದೇ ಕಿಟಕಿಗೆ ಭತ್ತದ ಮೂಟೆಗಳು ಅಡ್ಡ ನಿಂತಿದ್ದವು. ನಾವೆಲ್ಲ ಒಳಗೆ ಕೂತ ಮೇಲೆ ಅವರು ಬೀದಿ ಬಾಗಿಲು ಮುಚ್ಚಿ ಚಿಲಕ ಹಾಕಿದರು. ಹೆಣ್ಣು ತೋರಿಸುವಾಗ ಬಾಗಿಲು ಹಾಕುವುದು ಆ ಮನೆಯ ಪದ್ಧತಿ. ಹಿಂದೆ ಅವರ ತಂಗಿಯನ್ನು, ಎಂದರೆ ಹುಡುಗಿಯ ಈ ಸೋದರತ್ತೆಯನ್ನು ನೋಡಲು ಬಂದಿದ್ದ ಗಂಡಿನವರನ್ನು ಪಕ್ಕದ ಮನೆಯವರು ಇಣುಕಿ ನೋಡಿ, ಎಲೆ ಅಡಿಕೆಗೆಂದು ಕರೆದೊಯ್ದು, ತಮ್ಮ ಮಗಳನ್ನು ತೋರಿಸಿ ಗಟ್ಟಿ ಮಾಡಿಕೊಂಡುಬಿಟ್ಟಿದ್ದರಂತೆ. ಅಂದಿನಿಂದ ಚಿಲಕ.

ಅಡುಗೆಮನೆಯಿಂದ ಬಳೆಯ ಸದ್ದು ಕೇಳಿಸಿತು. ಕಾಫಿಯ ವಾಸನೆ ಬಂತು. ಮೈದುನನ ಹಣೆಯ ಮೇಲೆ ಬೆವರು ಮೂಡಿದ್ದು ನನಗೆ ಕಂಡಿತು. ಅವನು ಎದ್ದ, ಚಿಲಕ ತೆಗೆದ, ಹೊರಗೆ ಹೋಗಿ ಜಗಲಿಯ ಮೇಲೆ ಬೀದಿಗೆ ಮುಖ ಮಾಡಿ ಕೂತ. ಸರಿಯಾಗಿ ಆಗಲೇ ಹುಡುಗಿ ತಟ್ಟೆ ಹಿಡಿದು ಒಳಗಿನಿಂದ ಬಂದಳು.

ಹುಡುಗಿ ಕೊಟ್ಟ ಕಾಫಿ ಕುಡಿಯದೆ ಗಂಡು ಎದ್ದರೆ ಒಪ್ಪಿಗೆ ಇಲ್ಲವೆಂದೇ ಅರ್ಥ. ಅದನ್ನು ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ.

ತಂದೆ ಬಾಗಿಲಿಗೆ ಹೋಗಿ, "ಯಾಕಪ್ಪಾ, ಆಚೆ ಕುಂತ್ಬುಟ್ರಿ? ಬನ್ನಿ ಒಳಿಕೆ" ಎಂದರು.

"ಇಲ್ಲೇ ಇರ್ಲಿ ಬುಡಿ" ಎಂದ ಇವನು, ತಿರುಗದೆ.

ಮಂಡ್ಯದಿಂದ ಬಂದಿದ್ದ ಸೋದರತ್ತೆಗೆ ತಡೆಯಲಾಗಲಿಲ್ಲ. "ಹುಡ್ಗೀನ ನೋಡಕ್ ಬಂದೋರು ಬೀದೀಲಿ ಎಮ್ಮೆ ನೋಡ್ಕಂಡು ಕುಂತವ್ರಲ್ಲಣ್ಣ! ಎಮ್ಮೇನೇ ಗೊತ್ತು ಮಾಡ್ಕೊಡು."

ತಟ್ಟೆಯ ಮೇಲೆ ಒಂದು ಲೋಟ ಹಾಗೆಯೇ ಉಳಿಯಿತು. ಅದರ ಮೇಲೆ ಕೆನೆ ಕಟ್ಟುವುದನ್ನು ನಾನು ನೋಡಿದೆ. ಹುಡುಗಿಯೂ ಅದನ್ನೇ ನೋಡುತ್ತಿದ್ದಳು. ಆಮೇಲೆ ಅದನ್ನೆತ್ತಿಕೊಂಡು ಒಳಗೆ ಹೋದಳು, ಒಂದು ಹನಿಯೂ ತುಳುಕಲಿಲ್ಲ.

ಮಳವಳ್ಳಿಯ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಮೈದುನ ಬಾಗಿಲ ಮೆಟ್ಟಿಲಲ್ಲಿ ನಿಂತ. ಅತ್ತೆ ಅಲ್ಲಿಗೇ ಕೇಳುವಂತೆ ಕೂಗಿದರು. "ಹುಡ್ಗಿ ಇಡುಸ್ಲಿಲ್ವೇನ್ಲಾ?"

"ಸೆಕೆ ಕಣವ್ವ."

"ಸಂಕ್ರಾಂತಿ ಚಳಿಗೆ ದನ ನಡುಗ್ತಾವೆ. ಇವನ್ಗೆ ಸೆಕೆಯಂತೆ."

ಕಂಡಕ್ಟರ್ ಕೂಡ ಅವನನ್ನು ಒಮ್ಮೆ ನೋಡಿದ.

ಮಳವಳ್ಳಿಯ ಮನೆಯಲ್ಲಿ ನಾನು ಒಂದೆರಡು ಸಂಗತಿ ಗಮನಿಸಿದ್ದೆ. ಬಂದ ದಿನದಿಂದ ಅವನು ಜಗಲಿಯಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಮಿಲಿಟ್ರಿಯ ಶಿಸ್ತು ಎಂದು ಅತ್ತೆ ಎಲ್ಲರಿಗೂ ಹೇಳಿದ್ದರು. ಬಚ್ಚಲ ಬಾಗಿಲು ಪೂರ್ತಿ ಹಾಕುತ್ತಿರಲಿಲ್ಲ. ಯಾರೂ ನುಗ್ಗಬಾರದೆಂದು ಸ್ನಾನ ಮುಗಿಯುವವರೆಗೂ ಕೆಮ್ಮುತ್ತಿದ್ದ. ಅದಕ್ಕೆ ಅತ್ತೆ ಶುಂಠಿ ಕಷಾಯ ಮಾಡಿ ಕೊಡುತ್ತಿದ್ದರು, ಅವನು ಕುಡಿಯುತ್ತಿದ್ದ.

ಹೆಣ್ಣಿನವರಿಂದ ಮಾತು ನಿಂತಿತು. ಇವನನ್ನು ಕೇಳಿದರೆ ಹುಡುಗಿಯದೇನೂ ತಪ್ಪಿಲ್ಲ ಎನ್ನುತ್ತಿದ್ದ, ಅಷ್ಟೇ. ಅತ್ತೆಗೆ ಸಾಕಾಗಿ ಅವನನ್ನು ಮಂಡ್ಯಕ್ಕೆ, ನಮ್ಮ ಮನೆಗೆ ಕಳಿಸಿದರು. "ನೀನು ಓದ್ದೋಳು, ಬಾಯಿ ಬುಡ್ಸು" ಎಂದು ನನಗೆ ಹೇಳಿಕಳಿಸಿದರು. ನಾನು ಅವನಿಗೆ ಎರಡು ಹೊತ್ತೂ ಉಪ್ಪಿಟ್ಟು ಮಾಡಿ ಹಾಕಿದೆ. ಬಾಯಿ ಬಿಟ್ಟ, ಉಪ್ಪಿಟ್ಟಿಗೆ ಮಾತ್ರ.

ಆ ವಾರವೇ ಒಂದು ಮಧ್ಯಾಹ್ನ ಹುಡುಗಿ ಒಬ್ಬಳೇ ನಮ್ಮ ಮನೆಗೆ ಬಂದಳು. ಇವನು ಪೇಟೆಗೆ ಹೋಗಿದ್ದ. ನಾವು ಅವರ ಮನೆಯಲ್ಲಿ ಮರೆತು ಬಂದಿದ್ದ ಸ್ಟೀಲ್ ಡಬ್ಬಿ ಅವಳ ಕೈಯಲ್ಲಿತ್ತು. ಡಬ್ಬಿ ಖಾಲಿ ಕೊಡಬಾರದೆಂದು ಎಳ್ಳು ಬೆಲ್ಲ ಹಾಕಿದ್ದಳು. ಕೂತು, ಸೆರಗಿನ ತುದಿ ಸರಿಮಾಡಿಕೊಂಡು ಹೇಳಿದಳು.

"ಅಕ್ಕ, ಅವ್ರು ನನ್ನನ್ನ ನೋಡ್ಲೇ ಇಲ್ಲ. ನೋಡಿ ಬೇಡ ಅಂದಿದ್ರೆ ಸರಿ, ಅದು ಅವ್ರಿಷ್ಟ. ನೋಡದೇನೇ ಯಾಕೆ ಅಂದ್ರು ಅಂತ ತಿಳ್ಕೋಬೇಕು. ಊರಲ್ಲಿ ನನಗೇನೋ ಐಬು ಅಂತ ಮಾತಾಡ್ತಾವ್ರೆ."

ನನಗೂ ತಿಳಿಯದು ಎಂದೆ. ಅವಳು, ಬರುವ ದಾರಿಯಲ್ಲಿ ಟಾಕೀಸಿನ ಗೋಡೆಯ ಮೇಲೆ ಟ್ಯಾಂಕಿನ ಪೋಸ್ಟರ್ ಕಂಡಿತು, ಭಾನುವಾರ ಬೆಳಗಿನ ಆಟವಂತೆ, ಎಂದಳು. "ಅವ್ರ ಕೆಲಸ ಎಂಥದ್ದು ಅಂತನಾದ್ರೂ ನೋಡಣ. ಇಂಗ್ಲಿಷ್ ಸಿನಿಮಾ. ನೀವು ಬಂದ್ರೆ ಅತ್ತೆ ಕಳಿಸ್ತಾರೆ."

ಆ ಸೋದರತ್ತೆ ಕಳಿಸಲಿಲ್ಲ, ಜೊತೆಗೇ ಬಂದರು. ಟಿಕೆಟ್ ಕೊಳ್ಳಲು ಗಂಡಸು ಬೇಕೆಂದು ನಾನು ಮೈದುನನನ್ನು ಕರೆದೆ. ಪೋಸ್ಟರ್ ನೋಡಿ ಒಂದು ಕ್ಷಣ ನಿಂತ. ಟಿಕೆಟ್ ತಂದು ನನ್ನ ಕೈಗೆ ಕೊಟ್ಟು, "ನಾನು ಇಲ್ಲೇ ಸೈಕಲ್ ಸ್ಟ್ಯಾಂಡ್ ಹತ್ರ ಇರ್ತೀನಿ ಅತ್ತಿಗೆ" ಎಂದ. ಹುಡುಗಿಯ ಕಡೆ ನೋಡಲಿಲ್ಲ. ಸೋದರತ್ತೆ ಅದನ್ನು ಲೆಕ್ಕಕ್ಕೆ ಹಿಡಿದುಕೊಂಡರು.

ಹೆಂಗಸರ ಕಡೆಯಲ್ಲಿ ನಾವು ಮೂವರೇ. ಗಂಡಸರ ಕಡೆ ಕಾಲೇಜು ಹುಡುಗರು ತುಂಬಿದ್ದರು. ಇಂಗ್ಲಿಷ್ ಸಿನಿಮಾ ಎಂದರೆ ಬೇರೇನೋ ಇರುತ್ತದೆಂದು ಬಂದವರು ಅವರು. ಬಾಗಿಲು ಹಾಕಿದರು, ಕಪ್ಪು ಪರದೆ ಎಳೆದರು. ಬ್ಲಫಿನ ಜಲವಿದ್ಯುತ್ ಕೇಂದ್ರದಲ್ಲಿ ಹುಟ್ಟುವ ಕರೆಂಟು ನಮ್ಮೂರಿಗೆ ಬರುವಷ್ಟರಲ್ಲಿ ದಣಿದಿರುತ್ತಿತ್ತು, ಫ್ಯಾನುಗಳು ಯೋಚಿಸಿ ಯೋಚಿಸಿ ತಿರುಗುತ್ತಿದ್ದವು.

ಸಿನಿಮಾದಲ್ಲಿ ಟ್ಯಾಂಕಿನ ಒಳಗೆ ನಾಲ್ವರು ಹುಡುಗರು. ಮೀಸೆ ಸರಿಯಾಗಿ ಬಂದಿರಲಿಲ್ಲ. ಒಬ್ಬನಿಗೆ ನೆಗಡಿ. ಹೊರಗೆ ಏನು ನಡೆಯುತ್ತಿದೆಯೆಂದು ಅವರಿಗೂ ಕಾಣದು, ನಮಗೂ ಕಾಣದು. ಬರೀ ಸದ್ದು, ಹೊಗೆ, ಒಬ್ಬರ ಮೊಣಕೈ ಇನ್ನೊಬ್ಬರ ಮೂಗಿಗೆ.

"ಏನಂತವ್ನೆ?" ಎಂದರು ಸೋದರತ್ತೆ.

"ಬಲಕ್ಕೆ ತಿರುಗಿಸು ಅಂತಾನೆ."

"ಇವ್ನು?"

"ನೀರು ಕೇಳ್ತಾನೆ."

"ಆ ಮೂಲೇಲಿರೋನು?"

"ಬೈತಿದ್ದಾನೆ."

"ಏನಂತ?"

"ಜೋರಾಗಿ" ಎಂದೆ. ಅವನು ಆಡುತ್ತಿದ್ದ ಇಂಗ್ಲಿಷನ್ನು ನಮ್ಮ ಕಾನ್ವೆಂಟಿನ ಸಿಸ್ಟರುಗಳು ಕಲಿಸಿರಲಿಲ್ಲ.

ಬಹಳ ಹೊತ್ತಾದರೂ ಅವರು ಅಲ್ಲೇ ಇದ್ದರು. ಸೋದರತ್ತೆ ಸೆರಗಿನಿಂದ ಗಾಳಿ ಬೀಸಿಕೊಳ್ಳತೊಡಗಿದರು. "ಈ ಐಕ್ಳು ಈಚೆಗೆ ಯಾವಾಗಮ್ಮ ಬರೋದು? ಒಂದು ಮರ ಇಲ್ಲ, ಒಂದು ಹಾಡಿಲ್ಲ."

"ಬರೋ ಹಾಗೆ ಕಾಣಲ್ಲ" ಎಂದೆ.

ಗಂಡಸರ ಕಡೆಯಿಂದ ಯಾರೋ, "ಮುಚ್ಚಳ ತಗೀರ್ಲಾ, ನಮ್ಗೇ ಉಸ್ರು ಕಟ್ತೈತೆ!" ಎಂದು ಕೂಗಿದ. ನಗು ಎದ್ದಿತು, ಬೇಗ ನಿಂತಿತು.

ಹುಡುಗಿ ನೋಡುತ್ತಿದ್ದದ್ದು ಮುಚ್ಚಳದ ಕೆಳಗೆ ಕೂತಿದ್ದ ಹುಡುಗನನ್ನು. ಅವನು ಅಂಗೈ ಪ್ಯಾಂಟಿಗೆ ಒರೆಸಿಕೊಳ್ಳುವುದು, ಮುಚ್ಚಳದ ಹಿಡಿ ಮುಟ್ಟುವುದು, ಕೈ ಕೆಳಗಿಳಿಸುವುದು, ಮತ್ತೆ ಒರೆಸಿಕೊಳ್ಳುವುದು. ಬೇರೆಯವರು ಮಾತಾಡುವಾಗಲೂ ಅವನ ಕಣ್ಣು ಆ ಹಿಡಿಯ ಮೇಲೇ.

ಆಗ ಕರೆಂಟು ಹೋಯಿತು.

ಒಮ್ಮೆಲೇ ಕತ್ತಲೆ, ಫ್ಯಾನಿನ ಸದ್ದೂ ನಿಂತಿತು. ಹುಡುಗರು ಸಿಳ್ಳೆ ಹಾಕಿದರು. ಸೋದರತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಇನ್ನೊಂದು ಪಕ್ಕದಿಂದ ಹುಡುಗಿಯ ದನಿ ಮೆಲ್ಲಗೆ ಬಂತು.

"ಅಕ್ಕ, ಅವತ್ತು ಅವ್ರೂ ಚಿಲಕಾನೇ ನೋಡ್ತಿದ್ರು."

"ನಿನಗೆ ಹೇಗೆ ಗೊತ್ತು?"

"ನಾನು ಅಡುಗೆಮನೆ ಬಾಗಿಲ ಸಂದೀಲಿ ನೋಡ್ತಿದ್ದೆ. ಕೈ ತೊಡೆಗೆ ಒರೆಸ್ಕೊಂಡು ಒರೆಸ್ಕೊಂಡು, ಬರೀ ಚಿಲಕ. ಯಾವಾಗ ಹೋಗ್ತೀನೋ ಅಂತ ಕಾಯ್ತಾವ್ರೆ, ಅಷ್ಟು ಬೇಜಾರಾ ಅಂದ್ಕೊಂಡಿದ್ದೆ."

ನಾನು ಉತ್ತರ ಕೊಡುವ ಮೊದಲೇ ಬಾಗಿಲ ಬಳಿ ಗಲಾಟೆ ಕೇಳಿಸಿತು. "ಆಟ ಮುಗ್ದಿಲ್ಲ ಕಣ್ರೀ, ಬಾಗ್ಲು ತಗುದ್ರೆ ಬಿಟ್ಟಿ ನುಗ್ತಾರೆ" ಎಂದು ಗೇಟ್‌ಕೀಪರ್ ಕೂಗುತ್ತಿದ್ದ. "ಒಳಗೆ ಜನ ಅವ್ರೆ, ತಗಿಯೋ!" ಎನ್ನುವ ಇನ್ನೊಂದು ದನಿ ನನ್ನ ಮೈದುನನದು. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಬಾಗಿಲು ದಢಾರನೆ ತೆರೆಯಿತು. ಬಿಸಿಲು ಒಳಗೆ ಬಂತು. ಅವನು ಒಂದಾದ ಮೇಲೊಂದು ಎಲ್ಲ ಬಾಗಿಲುಗಳನ್ನೂ ತೆರೆಯುತ್ತಾ ಹೋದ. ಗೇಟ್‌ಕೀಪರನ ಮಾತಿಗೆ ತಪ್ಪದಂತೆ ಇಬ್ಬರು ಬಿಟ್ಟಿ ನುಗ್ಗಿಯೂ ಬಿಟ್ಟರು.

ನಾವು ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆವು. ಮೈದುನನ ಅಂಗಿ ಬೆನ್ನಿಗೆ ಅಂಟಿತ್ತು. ಅವನು ನನ್ನ ಒಂದು ಪಕ್ಕ, ಹುಡುಗಿ ಇನ್ನೊಂದು ಪಕ್ಕ. ಇಬ್ಬರ ನಡುವೆ ಒಂದು ಮಾರು ದೂರವಿಲ್ಲ. ಆದರೆ ಮದುವೆ ಗೊತ್ತಾಗದ ಹುಡುಗ ಹುಡುಗಿ ನೇರವಾಗಿ ಮಾತಾಡುವಂತಿರಲಿಲ್ಲ, ಅದೂ ಸೋದರತ್ತೆಯ ಎದುರು. ಒಳಗೆ ಇಂಗ್ಲಿಷನ್ನು ಕನ್ನಡಕ್ಕೆ ಮಾಡಿದ್ದೆ. ಹೊರಗೆ ಕನ್ನಡವನ್ನು ಕನ್ನಡಕ್ಕೆ ಮಾಡುವ ಕೆಲಸ ಬಿತ್ತು.

"ಅಕ್ಕ, ಆ ಮುಚ್ಚಳ ಒಳಗಿಂದ ತೆಗೆಯಕ್ಕಾಗಲ್ವಾ, ಕೇಳಿ."

"ಮುಚ್ಚಳ ಒಳಗಿಂದ ತೆಗೆಯೋಕಾಗಲ್ವಾ?" ಎಂದೆ.

"ಆಯ್ತದೆ ಅತ್ತಿಗೆ." ಅವನು ಸೈಕಲ್ಲುಗಳ ಕಡೆ ನೋಡಿದ. "ಒಂದ್ಸಲ ಆಗ್ನಿಲ್ಲ. ಏಟು ಬಿದ್ದು ಸಿಕ್ಕಾಕ್ಕಂಬುಡ್ತು. ಬೆಳಗಾಗೋಗಂಟ."

"ಆಗ್ಲಿಲ್ಲವಂತೆ" ಎಂದೆ.

"ಒಳಗೆ ಬೇರೆ ಯಾರಿದ್ರು ಕೇಳಿ."

ನಾನು ಕೇಳಲಿಲ್ಲ. ಅವನಿಗೆ ಕೇಳಿಸಿತ್ತು.

"ಪಕ್ಕದಲ್ಲಿ ಒಬ್ಬ ಇದ್ದ. ಪಂಜಾಬಿನೋನು. ಅವ್ರೂರ ಕಬ್ಬಿನ ವಿಚಾರ ಹೇಳ್ತಿದ್ದ. ಆಮೇಲೆ ಹೇಳ್ನಿಲ್ಲ."

ಸೋದರತ್ತೆ ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿದರು. ಕಡಲೆಕಾಯಿ ಮಾರುವವಳು ಬಂದು ನಮ್ಮ ಮುಂದೆ ನಿಂತಳು, ಹೋದಳು.

"ಈಗ್ಲೂ ಅದರೊಳಗೇ ಕೂರ್ಬೇಕಾ?" ಈ ಸಲ ಹುಡುಗಿ 'ಕೇಳಿ' ಎನ್ನುವುದನ್ನು ಬಿಟ್ಟಿದ್ದಳು.

"ಇಲ್ಲ. ಈಗ ಲಾರಿ ಕೊಟ್ಟವ್ರೆ" ಎಂದ ಅವನು, ನನ್ನ ಕಡೆ ತಿರುಗಿ. "ಕಿಟ್ಕಿ ಐತೆ."

ಕರೆಂಟು ಬಂತು. ಜನ ಒಳಗೆ ಹೋದರು, ನಾವು ಹೋಗಲಿಲ್ಲ. ಆ ನಾಲ್ವರು ಹುಡುಗರು ಹೊರಗೆ ಬಂದರೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಹುಡುಗಿ ತನ್ನ ಅತ್ತೆಯ ಕಿವಿಯಲ್ಲಿ ಏನೋ ಹೇಳಿದಳು. ಮುಂದಿನ ವಾರವೇ ಚಿಕ್ಕರಸಿನಕೆರೆಯಿಂದ ಮತ್ತೆ ಬನ್ನಿ ಎಂದು ಹೇಳಿಕಳಿಸಿದರು. ಹೋದೆವು. ಜಗಲಿಯ ಮೇಲೆ ಜಮಖಾನ ಹಾಸಿತ್ತು. ಹುಡುಗಿಯ ತಂದೆ ಹೊಸ್ತಿಲ ಮೇಲೆ ನಿಂತಿದ್ದರು, ಒಳಗೂ ಇಲ್ಲ ಹೊರಗೂ ಇಲ್ಲ. ಆ ಜಗಲಿಯಲ್ಲಿ ಕಾಫಿ ಕೊಡುತ್ತಿದ್ದದ್ದು ಒಳಗೆ ಕರೆಯದ ಜನಕ್ಕೆ, ಕಬ್ಬು ಕಡಿಯಲು ಬಂದವರಿಗೆ, ದಳ್ಳಾಳಿಗಳಿಗೆ.

"ಮೋಲ್ಡ್ ಹಾಲು ಕಟ್ಸಿ ಅಳಿಯನ್ನ ಜಗ್ಲೀಲಿ ಕೂರ್ಸದಾ? ಊರೋರು ಏನಂದಾರು?" ಎಂದು ಅವರು ತಂಗಿಯನ್ನು ಗದರುತ್ತಿದ್ದರು. "ಪಕ್ಕದ್ಮನೆಯೋರು ಆಗ್ಲೇ ಇಣುಕ್ತಾವ್ರೆ."

"ಇಣುಕ್ಲಿ ಬುಡಣ್ಣ. ಈ ಸಲ ಅವ್ರ ಮನೇಲಿ ಹೆಣ್ಣಿಲ್ಲ" ಎಂದರು ಸೋದರತ್ತೆ. "ಆ ಸಿನಿಮಾ ನೋಡಿದ್ರೆ ನೀನೂ ಇಲ್ಲೇ ಕುಂತ್ಕತಿದ್ದೆ. ನಾನಂತೂ ಅವತ್ತಿಂದ ಅಡುಗೆಮನೆ ಬಾಗ್ಲು ಹಾಕಿಲ್ಲ. ಬೆಕ್ಕು ಹಾಲು ಕುಡ್ಕೊಂಡು ದಪ್ಪ ಆಗದೆ."

ನಮ್ಮತ್ತೆಗೆ ಇದಾವುದೂ ಅರ್ಥವಾಗಲಿಲ್ಲ. ಮಗ ಕೂತಿದ್ದಾನೆ ಎನ್ನುವುದಷ್ಟೇ ಅವರಿಗೆ ಬೇಕಾಗಿತ್ತು.

ಹುಡುಗಿ ತಟ್ಟೆ ಹಿಡಿದು ಜಗಲಿಗೆ ಬಂದಳು. ಬೀದಿ ಪೂರ್ತಿ ನೋಡುತ್ತಿತ್ತು. ಎದುರು ಮನೆಯ ಅಜ್ಜಿ ನೋಡಲು ಅನುಕೂಲವಾಗಲೆಂದು ಮೊರ ಬದಿಗಿಟ್ಟಳು. ಮೈದುನ ಲೋಟ ತೆಗೆದುಕೊಂಡ. ಆಮೇಲೆ ತಲೆ ಎತ್ತಿ ಅವಳನ್ನು ನೋಡಿದ. ನೋಡಬೇಕಾದಷ್ಟು ನೋಡಿದ, ಬೀದಿಗೂ ತೃಪ್ತಿಯಾಗುವಷ್ಟು.

ಕಾಫಿ ಬಹಳ ಬಿಸಿಯಿತ್ತು, ನನ್ನ ನಾಲಗೆ ಸುಟ್ಟಿತು. ಅವನು ಎಲ್ಲೂ ನಿಲ್ಲಿಸದೆ ಕುಡಿದ.

ಹುಡುಗಿಯ ತಂದೆ ಅದನ್ನು ಕೊನೆಯವರೆಗೂ ನಿಂತು ನೋಡಿದರು. ಆಮೇಲೆ ಹೆಗಲ ಮೇಲಿನ ಟವಲ್ ಕೊಡವಿ, ಹೊಸ್ತಿಲು ದಾಟಿ ಬಂದು ಜಗಲಿಯ ತುದಿಯಲ್ಲಿ ಕೂತರು.

"ಮತ್ತೆ, ಮದ್ವೆ ಮದ್ದೂರಿನ ಛತ್ರದಲ್ಲಿ ಮಾಡನಾ?" ಎಂದರು.

ಒಳಗೆ ಹೋಗಿದ್ದ ಹುಡುಗಿ ಬಾಗಿಲ ಹಿಂದಿನಿಂದ ಹೇಳಿದಳು. "ಬ್ಯಾಡ ಕಣಪ್ಪ. ಮನೆ ಮುಂದೆ ಚಪ್ಪರ ಹಾಕ್ಸು."

ಮೈದುನ ಖಾಲಿ ಲೋಟವನ್ನು ಜಮಖಾನದ ಮೇಲೆ ಇಟ್ಟ.