ಜಗ್ಗಿ ನೋಡುವ ಕೈ

ಶಿವಲಿಂಗವ್ವನ ಕೈಗೆ ಸುಮ್ಮನಿರುವುದೊಂದು ಬಿಟ್ಟು ಉಳಿದದ್ದೆಲ್ಲ ಬರುತ್ತಿತ್ತು. ಕಲಾದಗಿಯ ತವರಿನಲ್ಲಿ ಚಿಕ್ಕವಳಿದ್ದಾಗ ಅವ್ವ ತಾಯವ್ವ ಹಿತ್ತಲಲ್ಲಿ ಅವರೆ ಬೀಜ ಊರಿದರೆ, ಇವಳು ಮರುದಿನವೇ ಮಣ್ಣು ಕೆದರಿ ಬೀಜ ಎತ್ತಿ ನೋಡುವಳು. “ಮುಚ್ಚು ಅದನ್ನ! ನೀ ನೋಡಿದ್ರ ಮೊಳಕಿ ಬರ್ತೈತೇನು?” ಎಂದು ತಾಯವ್ವ ಕೈಮೇಲೆ ಒಂದು ಬಿಗಿಯುತ್ತಿದ್ದಳು.

ಮದುವೆಯಾಗಿ ಇಳಕಲ್ಲಿನ ನೇಕಾರರ ಮನೆ ಸೇರಿದ ಮೇಲೆ ಆ ಕೈಗೆ ತಕ್ಕ ಕೆಲಸ ಸಿಕ್ಕಿತು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ಒಂದು ಸೀರೆಗೆ ಸಾವಿರಾರು ಕೊಂಡಿ. ಹಾಕಿದ ಪ್ರತಿ ಕೊಂಡಿಯನ್ನೂ ಒಮ್ಮೆ ಜಗ್ಗಿ ನೋಡಬೇಕೆಂದು ಅತ್ತೆ ಕಲಿಸಿದ್ದಳು. ಹಾಕು, ಜಗ್ಗು, ಹಾಕು, ಜಗ್ಗು. ಮೂವತ್ತೆರಡು ವರ್ಷ ಹೀಗೇ ನಡೆದು, ಈಗ ಶಿವಲಿಂಗವ್ವ ಬಾಗಿಲ ಚಿಲಕ ಹಾಕಿದರೂ ಜಗ್ಗುತ್ತಾಳೆ, ಮೊಮ್ಮಗಳ ಜಡೆ ಹೆಣೆದರೂ ಜಗ್ಗುತ್ತಾಳೆ. ಹುಡುಗಿ ಚೀರಿದರೇ ಜಡೆ ಗಟ್ಟಿಯಾದಂತೆ.

ಇಂಥವಳಿಗೆ ತಾಯವ್ವನ ಚಿಕ್ಕು ಮರ ಉಳಿಸಿಕೊಳ್ಳುವ ಹುಚ್ಚು ಹಿಡಿಯಿತು.

ಆ ಮರ ತವರಿನ ಹೊಲದ ಅಂಚಿನಲ್ಲಿತ್ತು. ತಾಯವ್ವ ದಿನಾ ಅದರ ಕೆಳಗೆ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂಡುವಳು. ಪೂಜೆ ಮುಗಿಸಿ ಕಾಂಡಕ್ಕೆ ಕಿವಿ ಹಚ್ಚುವಳು.

“ಏನ್ ಕೇಳಿಸ್ತೈತಿ ಬೇ?” ಎಂದು ಮಗಳು ಕೇಳಿದರೆ, “ಒಳಗ ನೀರು ಮ್ಯಾಲೆ ಏರಾಕತ್ತೈತಿ. ಯಾರೂ ಸೇದಾಕತ್ತಿಲ್ಲ, ಆದ್ರೂ ಏರ್ತೈತಿ ನೋಡು” ಎನ್ನುವಳು. ಹೇಳುವಾಗ ಅವಳ ಕಣ್ಣು ತುಂಬಿರುತ್ತಿದ್ದವು. ಶಿವಲಿಂಗವ್ವ ಎಷ್ಟು ಸಲ ಕಿವಿ ಹಚ್ಚಿದರೂ ಏನೂ ಕೇಳಿಸಲಿಲ್ಲ. ಅವ್ವನಿಗೆ ಕೇಳಿಸಿದ್ದು ತನಗ್ಯಾಕೆ ಕೇಳಿಸದು ಎಂಬ ಸಿಟ್ಟು ಅವಳಿಗೆ ಇಂದಿಗೂ ಇದೆ.

ತಾಯವ್ವ ತೀರಿ ಮೂರು ವರ್ಷವಾಗಿತ್ತು. ಘಟಪ್ರಭೆಯ ಹಿನ್ನೀರು ಪ್ರತಿ ಮಳೆಗಾಲ ಮರದ ಬುಡಕ್ಕೆ ಬಂದು ನಿಂತು ಬೇರು ಕೊಳೆತಿದ್ದವು. “ಅಕ್ಕಾ, ಇದು ಮುಂದಿನ ವರ್ಷ ಕಾಣೂದಿಲ್ಲ” ಎಂದು ತಮ್ಮ ಯಮನಪ್ಪ ಫೋನ್ ಮಾಡಿದ. ಶಿವಲಿಂಗವ್ವ ಮರುದಿನದ ಮೊದಲ ಬಸ್ಸಿಗೇ ಬಂದಿಳಿದಳು.

ಅದೇ ಊರಿನ ಮುಬಶೀರಾ ತೋಟಗಾರರ ಮನೆಯ ಹೆಣ್ಣುಮಗಳು, ಕಸಿ ಕಟ್ಟುವುದರಲ್ಲಿ ಎತ್ತಿದ ಕೈ. ಮರವನ್ನು ಸುತ್ತು ಹಾಕಿ ನೋಡಿದಳು. ಜೀವ ಇದ್ದದ್ದು ಮೂರೇ ಎಳೆ ಕೊಂಬೆಗಳಲ್ಲಿ. ಕಾಡುಜಾತಿಯ ಮೂರು ಸಸಿಗಳನ್ನು ಕುಂಡಸಮೇತ ಆ ಕೊಂಬೆಗಳ ಪಕ್ಕಕ್ಕೆ ಹಗ್ಗದಿಂದ ತೂಗುಬಿಟ್ಟಳು. ಸಸಿಯದೊಂದಿಷ್ಟು, ಕೊಂಬೆಯದೊಂದಿಷ್ಟು ತೊಗಟೆ ಕೆತ್ತಿ, ಬಿಳಿ ಹಾಲು ಒಸರುತ್ತಿದ್ದಂತೆಯೇ ಗಾಯಕ್ಕೆ ಗಾಯ ಒತ್ತಿ ಪಟ್ಟಿ ಸುತ್ತಿದಳು.

“ಶ್ರಾವಣ ಮುಗಿಯೂತನಕ ಕೈ ಹಚ್ಚಬ್ಯಾಡ್ರಿ ಅಕ್ಕಾರ.”

“ಒಳಗ ಅವು ಕೂಡೂದು ಹೆಂಗ?”

“ನನಗೇನ್ ಗೊತ್ರಿ? ನಾ ಕಟ್ತೇನಿ ಅಷ್ಟ. ಕೂಡಸಾಂವ ಮ್ಯಾಲಿನಾಂವ.”

ಈ ಮಾತು ಶಿವಲಿಂಗವ್ವನ ತಲೆ ಹೊಕ್ಕು ಕೊರೆಯತೊಡಗಿತು. ಎಳೆಗೆ ಎಳೆ ತಾನು ಕೂಡಿಸುತ್ತೇನೆ, ಕಣ್ಣಿಗೆ ಕಾಣುತ್ತದೆ. ಕಣ್ಣಿಲ್ಲದ, ಕೈಯಿಲ್ಲದ ಈ ಎರಡು ಜೀವ ಕತ್ತಲಲ್ಲಿ ಒಂದನ್ನೊಂದು ಹೇಗೆ ಗುರುತಿಸುತ್ತವೆ? ರೊಟ್ಟಿ ಬಡಿಯುವಾಗಲೂ ಅದೇ, ಜಳಕ ಮಾಡುವಾಗಲೂ ಅದೇ. ಎಂಟು ದಿನಕ್ಕೆ ತಾಳ್ಮೆ ಕಳೆದು ಕಲಾದಗಿಗೆ ಬಂದಳು. ಸುಮ್ಮನೆ ನೋಡಿ ಹೋಗುವುದೆಂದೇ ಬಂದದ್ದು. ಕೈ ತಾನಾಗಿ ಹೋಗಿ ಮೊದಲ ಕಸಿಯನ್ನು ಜಗ್ಗಿಬಿಟ್ಟಿತು.

ಪಟ್ಟಿ ಸಡಿಲಾಗಿ, ಕೂಡಬೇಕಾದ್ದು ಬಾಯಿಬಿಟ್ಟಿತು. ಗಾಬರಿಯಿಂದ ಮತ್ತೆ ಒತ್ತಿ ಕಟ್ಟಿದಳು. ಮುಂದಿನ ವಾರ ಮತ್ತೆ ಬಂದು ನೋಡಿದರೆ ಗಾಯ ಕೊಳೆತು ಆ ಕೊಂಬೆ ಕಪ್ಪಾಗಿತ್ತು. “ಮಂಗ್ಯಾ ಜಗ್ಗಿರಬೇಕವಾ” ಎಂದು ಮುಬಶೀರಾಗೆ ಸುಳ್ಳು ಹೇಳಿದಳು. ಹೇಳಿದ ದಿನವೇ, ಎರಡನೆಯದಾದರೂ ಗಟ್ಟಿಯಾಗಿದೆಯೋ ಇಲ್ಲವೋ ಎಂಬ ಸಂಕಟ ತಡೆಯಲಾರದೆ ಅದನ್ನೂ ಜಗ್ಗಿ ಮತ್ತೆ ಕಟ್ಟಿದಳು!

ಅದೂ ಒಣಗಿತು. ಮುಬಶೀರಾ ಎರಡೂ ಪಟ್ಟಿ ಬಿಚ್ಚಿ ಶಿವಲಿಂಗವ್ವನ ಮುಂದೆ ಹಿಡಿದಳು.

“ಇದು ನನ್ನ ಗಂಟಲ್ಲ, ನೇಕಾರರ ಗಂಟು. ಮಂಗ್ಯಾ ಕೊಂಡಿ ಹಾಕೂದು ಯಾವಾಗ ಕಲೀತ್ರಿ?”

ಶಿವಲಿಂಗವ್ವ ಆ ಪಟ್ಟಿಗಳನ್ನು ಕೈಗೆ ತೆಗೆದುಕೊಂಡಳು. “ನಮ್ಮವ್ವನ ಗಿಡಾ ನನ್ನ ಕೈಯಾರೆ ಕೊಂದೆ” ಎಂದು ಅತ್ತಳು.

“ಇನ್ನೂ ಒಂದೈತಿ. ಅದು ಉಳೀಬೇಕಾದ್ರ ಮನಿಗೆ ಹೋಗ್ರಿ. ನಾ ಕರಿಯೂತನಕ ಈ ಕಡೆ ಹಣಿಕಿ ಹಾಕಬ್ಯಾಡ್ರಿ.”

ಶ್ರಾವಣ ಮುಗಿಯಲು ಉಳಿದಿದ್ದ ಎರಡು ತಿಂಗಳನ್ನು ಶಿವಲಿಂಗವ್ವ ಹೇಗೆ ಕಳೆದಳೋ ಅವಳಿಗೇ ಗೊತ್ತು. ಕೊಂಡಿ ಜಗ್ಗಿ ಜಗ್ಗಿ ಎಳೆ ಹರಿದಳು. ಮೂವತ್ತೆರಡು ವರ್ಷದಲ್ಲಿ ಎಂದೂ ಆಗಿರಲಿಲ್ಲ. “ಸೀರಿ ಮ್ಯಾಲೆ ಯಾಕ ಸಿಟ್ಟು ತೀರಿಸ್ಕೊಳ್ತಿ?” ಎಂದು ಗಂಡ ಶಂಭಣ್ಣ ನಕ್ಕರೆ ಅವನ ಮೇಲೂ ಹರಿಹಾಯ್ದಳು. ಒಂದು ದಿನ ಯಾರಿಗೂ ಹೇಳದೆ ಬಸ್ ಹತ್ತಿದಳು. ದಾರಿಯಲ್ಲಿನ ಹುನಗುಂದದತನಕ ಹೋಗಿ, ತನ್ನ ಕೈಗಳನ್ನೇ ನೋಡಿಕೊಂಡು ಹೆದರಿ, ಇಳಿದು ವಾಪಸ್ ಬಂದಳು.

ಶ್ರಾವಣ ಮುಗಿದ ಮೂರನೇ ದಿನ ಕರೆ ಬಂತು.

ಹೊಲದ ಅಂಚಿನಲ್ಲಿ ಮೊಣಕಾಲುದ್ದ ಹಿನ್ನೀರು ನಿಂತಿತ್ತು. ಮರ ಬೋಳಾಗಿತ್ತು. ಆ ಒಂದು ಕೊಂಬೆಯಲ್ಲಿ ಮಾತ್ರ ಹಸಿರು. ಮುಬಶೀರಾ ಕಸಿಯ ಕೆಳಗೆ ಕತ್ತಿಯಾಡಿಸಿ ಕೊಂಬೆಯನ್ನು ತಾಯಿಮರದಿಂದ ಬಿಡಿಸಿದಳು. ಸಸಿಯ ತಲೆಯನ್ನೂ ಕತ್ತರಿಸಿದಳು. ಈಗ ಬೇರು ಕಾಡುಸಸಿಯದು, ಎಲೆ ತಾಯವ್ವನ ಮರದ್ದು. ಎಲೆ ಬಾಡಲಿಲ್ಲ. ತುದಿಯಲ್ಲಿ ಕೆಂಪು ಚಿಗುರೊಂದು ಕಣ್ಣು ಬಿಟ್ಟಿತ್ತು. ಪಟ್ಟಿ ಬಿಚ್ಚಿದರೆ ಎರಡು ತೊಗಟೆಗಳ ನಡುವಿನ ಗೆರೆ ಎಲ್ಲಿತ್ತೆಂದು ಹುಡುಕಬೇಕಿತ್ತು.

“ಈಗ ಜಗ್ರಿ ಅಕ್ಕಾರ, ಏನೂ ಆಗೂದಿಲ್ಲ” ಎಂದಳು ಮುಬಶೀರಾ, ಕುಂಡ ಮುಂದೆ ಹಿಡಿದು.

ಶಿವಲಿಂಗವ್ವನ ಕೈ ಮೇಲೆದ್ದಿತು. ಬೆರಳು ತೊಗಟೆಯ ಹತ್ತಿರ ಹೋದವು. ಕೈ ಹಿಂದಕ್ಕೆ ತೆಗೆದಳು.

“ಒಲ್ಲೆನವಾ.”

“ನಂಬಿಕಿ ಬಂತೇನ್ರಿ?”

“ಇಲ್ಲವಾ, ಅಂಜಿಕಿ ಬಂದೈತಿ. ನಾ ಹಾಕಿದ ಕೊಂಡಿ ಆಗಿದ್ರ ಜಗ್ತಿದ್ದೆ. ಇದು ಯಾರು ಹಾಕ್ಯಾರೋ ಏನೋ.”

ಅಂದು ಕಲಾದಗಿಯಿಂದ ಇಳಕಲ್ ಮುಟ್ಟುವತನಕ ಕುಂಡ ಅವಳ ಎರಡು ಪಾದಗಳ ನಡುವೆ ಇತ್ತು. ಬಸ್ ಎಷ್ಟು ಕುಲುಕಿದರೂ ಅವಳು ಮುಂದಿನ ಸೀಟು ಹಿಡಿಯಲಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡೇ ಕೂತಿದ್ದಳು.